ಒಟ್ಟು 45 ಬಂದ್ರೂ ಫೇಲ್ ಯಾಕೆ?

"ನಲವತ್ತು ಬಂದ್ರೆ ಪಾಸು ಅಂತಾರೆ. ಇವಳಿಗೆ ನಲವತ್ತೈದು ಬಂದೈತೆ. ಮತ್ತೆ ಫೇಲ್ ಅಂತ ಯಾಕೆ ಹಾಕವ್ರೆ? ನೀನು ಇಂಜಿನಿಯರ್ ಅಲ್ವೇನಮ್ಮ, ನೀನೇ ಹೇಳು."

ಹಿರಿಯೂರಿನಿಂದ ಬಾವ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಬಿದ್ದ ವರ್ಷ, ಅಂದರೆ 2025ರ ಬೇಸಿಗೆ. ಅಕ್ಕನ ಮಗಳು (ಮನೇಲಿ ಪುಟ್ಟಿ ಅಂತೀವಿ) ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಮುಗಿಸಿದ್ದಳು. ಉಳಿದ ಎಲ್ಲಾ ಸಬ್ಜೆಕ್ಟ್ ಪಾಸ್. ಮ್ಯಾಥ್ಸ್ ಮಾತ್ರ ಎಫ್. ಪುಟ್ಟಿ ರೂಮಿನ ಬಾಗಿಲು ಹಾಕಿಕೊಂಡು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅಂತ ಹಿಂದಿನಿಂದ ಅಕ್ಕನ ದನಿ ಕೇಳ್ತಿತ್ತು.

"ಇದು ಇವಳ ಕೈಲಾಗಲ್ಲ. ಇಲ್ಲೇ ಬಿ.ಕಾಂಗೆ ಹಾಕ್ತೀನಿ. ನಮ್ಮ ಅಂಗಡಿ ಲೆಕ್ಕನಾದ್ರೂ ನೋಡ್ಕೊಂಡು ಇರ್ತಾಳೆ" ಅಂದರು ಬಾವ. ಅವರದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಕೋಪದಲ್ಲಿ ಹೇಳಿದ ಮಾತಲ್ಲ ಅದು, ಮಗಳು ಅಳೋದನ್ನು ನೋಡೋಕಾಗದೆ ಹೇಳಿದ್ದು.

ಆಮೇಲೆ ಅಕ್ಕ ಫೋನ್ ತಗೊಂಡು, "ನೀನಾದ್ರೂ ಬುದ್ಧಿ ಹೇಳೇ. ಚಿಕ್ಕಮ್ಮನ್ನ ನೋಡಿ ಕಲಿ ಅಂತ ದಿನಾ ಹೇಳ್ತೀನಿ" ಅಂದಳು.

ಆ ಮಾತು ನನಗೆ ಚುಚ್ಚಿತು. ಯಾಕಂದ್ರೆ ಚಿಕ್ಕಮ್ಮನೂ ಅದೇ ಸಬ್ಜೆಕ್ಟಲ್ಲಿ ಫೇಲಾದವಳು. ಹನ್ನೆರಡು ವರ್ಷದಿಂದ ಮನೆಯಲ್ಲಿ ಅಪ್ಪನಿಗೆ ಬಿಟ್ಟು ಯಾರಿಗೂ ಅದು ಗೊತ್ತಿರಲಿಲ್ಲ.

"ಮೊದಲು ಉತ್ತರ ಪತ್ರಿಕೆಯ ಫೋಟೊಕಾಪಿಗೆ ಅರ್ಜಿ ಹಾಕಿಸಿ ಬಾವ. ಅದು ಬರೋವರೆಗೆ ಏನೂ ತೀರ್ಮಾನ ಮಾಡಬೇಡಿ. ನಾನು ಬರ್ತೀನಿ" ಅಂದೆ.

ನನ್ನ ಕಥೆ

ನಾನು ಹೊಸದುರ್ಗ ತಾಲ್ಲೂಕಿನವಳು. ತೆಂಗಿನ ತೋಟದ ಮನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. 2012ರಲ್ಲಿ ಇಂಜಿನಿಯರಿಂಗ್ ಸೇರಿದೆ. ಬೆಳಿಗ್ಗೆ ಹೊಸದುರ್ಗದಲ್ಲಿ ಬಸ್ ಹತ್ತಿದರೆ ಹೊಳಲ್ಕೆರೆ ಮೇಲೆ ಚಿತ್ರದುರ್ಗ. ಸಂಜೆ ಅದೇ ದಾರಿಯಲ್ಲಿ ವಾಪಸ್.

ಆಗ ನಮಗೆ ವಿಟಿಯುನ 2010ರ ಸ್ಕೀಮ್. ಎಂ1 ಅಂತ ಎಲ್ಲರೂ ಕರೆಯುವ ಮೊದಲ ಗಣಿತದ ಪತ್ರಿಕೆಗೆ ಇಂಟರ್ನಲ್ಸ್ 25, ಪರೀಕ್ಷೆ 100. ಕಾಲೇಜಿನಲ್ಲಿ ಮೂರು ಟೆಸ್ಟ್ ಮಾಡಿ, ಚೆನ್ನಾಗಿ ಬಂದ ಎರಡರ ಸರಾಸರಿ ಹಾಕೋರು. ಪರೀಕ್ಷೆಯಲ್ಲಿ ಎಂಟು ಪ್ರಶ್ನೆ, ಎ ಭಾಗದಲ್ಲಿ ನಾಲ್ಕು, ಬಿ ಭಾಗದಲ್ಲಿ ನಾಲ್ಕು. ಒಂದೊಂದು ಭಾಗದಿಂದ ಕನಿಷ್ಠ ಎರಡು ಆರಿಸಿ ಒಟ್ಟು ಐದು ಬರೀಬೇಕು. ಸರಿ ಉತ್ತರ ಆರಿಸುವ ಒಂದೊಂದು ಅಂಕದ ಪ್ರಶ್ನೆಗಳೂ ಇದ್ದವು, ಅವನ್ನು ಉತ್ತರ ಪತ್ರಿಕೆಯ ಐದನೇ ಪುಟದ ಓಎಂಆರ್ ಹಾಳೆಯಲ್ಲೇ ತುಂಬಬೇಕಿತ್ತು.

ನನಗೆ ಇಂಟರ್ನಲ್ಸ್ 20 ಬಂತು. ಪರೀಕ್ಷೆಯಲ್ಲಿ 31. ಒಟ್ಟು 51. ಪಾಸಾಗೋಕೆ ಒಟ್ಟು 50 ಸಾಕು. ಆದರೂ ಫೇಲ್. ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ 35 ಬರಬೇಕಿತ್ತು.

ಹೊಸದುರ್ಗದ ಸೈಬರ್ ಸೆಂಟರಿನಲ್ಲಿ ಕೂತು ಆ ರಿಸಲ್ಟ್ ನೋಡಿದ್ದು ನೆನಪಿದೆ. ಸೈಟ್ ಓಪನ್ ಆಗೋಕೇ ಅರ್ಧ ಗಂಟೆ ಹಿಡೀತು. ಮನೆಗೆ ಹೋದಾಗ ಅಪ್ಪ ತೋಟದಲ್ಲಿ ಕಾಯಿ ರಾಶಿ ಹಾಕ್ತಿದ್ದರು. "ಏನಾತಮ್ಮ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಬರಿಯಾಕೆ ಎಷ್ಟು ದುಡ್ಡು ಕಟ್ಟಬೇಕು?" ಅಂದರು. ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ದುಡ್ಡು ಕೈಗಿಟ್ಟರು. ಅಮ್ಮನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಆ ವಿಷಯ ಅಲ್ಲಿಗೆ ಮುಗೀತು.

ಎರಡನೇ ಸೆಮಿಸ್ಟರ್ ಪರೀಕ್ಷೆ ಜೊತೆ ಮತ್ತೆ ಬರೆದು 58 ತಗೊಂಡೆ. ಅದರಲ್ಲಿ ಅರ್ಧ ಶ್ರಮ ಹೊಳಲ್ಕೆರೆಯಲ್ಲಿ ಬಸ್ ಹತ್ತುತ್ತಿದ್ದ ಗೆಳತಿಯದು. ಅವಳು ಹತ್ತಿದ ಕೂಡಲೇ ನೋಟ್ಸ್ ತೆಗೆಯೋಳು. ಚಿತ್ರದುರ್ಗದ ಕೋಟೆ ಕಾಣೋವಷ್ಟರಲ್ಲಿ ಎರಡು ಲೆಕ್ಕ ಮುಗಿದಿರ್ತಿತ್ತು.

ಎರಡು ಗೇಟು

ಫೋಟೊಕಾಪಿ ಬಂತು ಅಂತ ಗೊತ್ತಾದ ಮೇಲೆ ಒಂದು ಶನಿವಾರ ಹಿರಿಯೂರಿಗೆ ಹೋದೆ. ಹಳೇ ಫೈಲಿನಿಂದ ನನ್ನ ಮೊದಲ ಸೆಮಿಸ್ಟರ್ ಅಂಕಪಟ್ಟಿನೂ ಬ್ಯಾಗಲ್ಲಿ ಹಾಕ್ಕೊಂಡಿದ್ದೆ. ಊಟ ಆದ ಮೇಲೆ ಎಲ್ಲರ ಮುಂದೆ ಅದನ್ನು ತೆಗೆದು ಪುಟ್ಟಿ ಕೈಗೆ ಕೊಟ್ಟೆ.

ಅವಳು ನೋಡಿದಳು. ಇನ್ನೊಂದು ಸಲ ನೋಡಿದಳು. "ಚಿಕ್ಕಮ್ಮ, ನೀವೂನಾ?" ಅಂದಳು.

ಅಕ್ಕನಿಗೆ ನಂಬೋಕಾಗಲಿಲ್ಲ. ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿ, "ಇವಳು ಫೇಲಾಗಿದ್ದು ನಿನಗೆ ಗೊತ್ತಿತ್ತಾ?" ಅಂತ ಕೇಳಿದಳು. "ಗೊತ್ತಿತ್ತು. ಆಮ್ಯಾಲೆ ಪಾಸಾದ್ಲಲ್ಲ" ಅಂದರಂತೆ ಅಪ್ಪ. ಆಗ ಮನೇಲಿ ಎಲ್ಲರಿಗೂ ನಗು ಬಂತು. ಪುಟ್ಟಿಗೂ ಬಂತು.

ಆಮೇಲೆ ಬಾವನ ಪ್ರಶ್ನೆಗೆ ಬಂದೆವು. ಅಂಗಡಿ ಬಿಲ್ ಪುಸ್ತಕದ ಹಿಂದೆ ಬರೆದು ತೋರಿಸಿದೆ. ನಿಮ್ಮ ಮನೇಲೂ ಇಂಥ ರಿಸಲ್ಟ್ ನೋಡಿ ತಲೆ ಕೆರೆದುಕೊಳ್ಳೋರು ಇದ್ದರೆ, ಲೆಕ್ಕ ಹೀಗಿದೆ.

ಪುಟ್ಟಿ ಓದ್ತಿರೋದು ವಿಟಿಯುನ 2022ರ ಸ್ಕೀಮ್. ಅದರಲ್ಲಿ ಕಾಲೇಜಿನ ಅಂಕ 50, ಯೂನಿವರ್ಸಿಟಿ ಪರೀಕ್ಷೆಯ ಅಂಕ 50. ಕಾಲೇಜಿನ ಅಂಕಕ್ಕೆ ಸಿಐಇ ಅಂತಾರೆ. ಟೆಸ್ಟ್, ಅಸೈನ್‌ಮೆಂಟ್, ಲ್ಯಾಬ್ ಎಲ್ಲಾ ಇದರಲ್ಲಿ ಸೇರುತ್ತೆ. ಈಗ ಗಣಿತಕ್ಕೂ ಲ್ಯಾಬ್ ಇದೆ, ಕಂಪ್ಯೂಟರಿನಲ್ಲಿ ಪೈಥಾನ್‌ನಂಥದ್ದರಲ್ಲಿ ಲೆಕ್ಕ ಮಾಡಿಸ್ತಾರೆ. ನಮಗೆ ಇರಲಿಲ್ಲ. ಯೂನಿವರ್ಸಿಟಿ ಪರೀಕ್ಷೆಗೆ ಎಸ್‌ಇಇ ಅಂತಾರೆ. ಮೂರು ಗಂಟೆ, 100 ಅಂಕಕ್ಕೆ ಬರೆಸಿ 50ಕ್ಕೆ ಇಳಿಸ್ತಾರೆ.

ಸಿಐಇನಲ್ಲಿ 50ಕ್ಕೆ 20 ಬರದಿದ್ದರೆ ಪರೀಕ್ಷೆಗೇ ಕೂರಿಸಲ್ಲ. ಹಾಜರಾತಿ 85 ಪರ್ಸೆಂಟ್ ಬೇಕು. ಇದು ಮೊದಲನೇ ಗೇಟು. ಪರೀಕ್ಷೆಯಲ್ಲಿ 35 ಪರ್ಸೆಂಟ್, ಅಂದರೆ 50ಕ್ಕೆ 18 ಬರಬೇಕು. ಇದು ಎರಡನೇ ಗೇಟು. ಎರಡೂ ದಾಟಿದ ಮೇಲೆ ಒಟ್ಟು 40 ಇದೆಯಾ ಅಂತ ನೋಡ್ತಾರೆ. ಪುಟ್ಟಿಗೆ ಸಿಐಇ 31, ಎಸ್‌ಇಇ 14. ಒಟ್ಟು 45 ಇದ್ದರೂ ಎರಡನೇ ಗೇಟಲ್ಲಿ ನಿಂತಳು.

"ಇದ್ಯಾವ ನ್ಯಾಯ?" ಅಂದರು ಬಾವ.

ನಾನೂ ಹಿಂದೆ ಹಾಗೇ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಅರ್ಥ ಇದೆ ಅನ್ನಿಸುತ್ತೆ. ಸಿಐಇ ಕೊಡೋದು ಮಕ್ಕಳನ್ನು ದಿನಾ ನೋಡೋ ಮೇಷ್ಟ್ರು. ಅವರು ಸ್ವಲ್ಪ ಧಾರಾಳ ಆಗಬಹುದು, ಸ್ವಲ್ಪ ಬಿಗಿ ಆಗಬಹುದು. ಪರೀಕ್ಷೆ ಹಾಗಲ್ಲ. ಬೆಂಗಳೂರಿನ ಕಾಲೇಜಿಗೂ ನಮ್ಮ ಕಡೆ ಕಾಲೇಜಿಗೂ ಒಂದೇ ಪ್ರಶ್ನೆ ಪತ್ರಿಕೆ, ಪೇಪರ್ ನೋಡೋರಿಗೆ ಬರೆದವರ ಮುಖ ಗೊತ್ತಿರಲ್ಲ. ಒಂದೇ ತಕ್ಕಡಿ ನಂಬಬೇಡ, ಎರಡರಲ್ಲೂ ತೂಗು ಅನ್ನೋ ಹಾಗೆ.

ತಕ್ಕಡಿ ಅಂದ ಕೂಡಲೇ ಬಾವನಿಗೆ ವಿಷಯ ಹಿಡಿಸಿತು. "ಹಂಗಾದ್ರೆ ಇವಳು ಎಷ್ಟಕ್ಕೆ ಹೋಗವ್ಳೆ?" ಅಂದರು. ನೂರಕ್ಕೆ 28 ಬಂದಿದೆ, 35 ಬೇಕಿತ್ತು. ಏಳು ಅಂಕ.

ಪೇಪರ್ ಏನು ಹೇಳಿತು

ಆಮೇಲೆ ಪುಟ್ಟಿ, ನಾನು ಇಬ್ಬರೇ ಕೂತು ಫೋಟೊಕಾಪಿ ತೆರೆದೆವು. ಅವಳಿಗೆ ನೋಡೋಕೇ ಇಷ್ಟ ಇರಲಿಲ್ಲ. ಇನ್ನೂ ತೆಗೆದೇ ನೋಡಿರಲಿಲ್ಲ ಅಂತ ಆಮೇಲೆ ಹೇಳಿದಳು.

ಈ ಪತ್ರಿಕೆಯಲ್ಲಿ ಐದು ಮಾಡ್ಯೂಲ್. ಒಂದೊಂದು ಮಾಡ್ಯೂಲಿಂದ 20 ಅಂಕದ ಎರಡು ಪ್ರಶ್ನೆ. ಎರಡರಲ್ಲಿ ಒಂದು ಬರೆದರೆ ಸಾಕು, ಆದರೆ ಐದೂ ಮಾಡ್ಯೂಲಿಂದ ಬರೀಬೇಕು. ಒಂದು ಪ್ರಶ್ನೆಯೊಳಗೆ ಎ, ಬಿ, ಸಿ ಅಂತ ಆರೇಳು ಅಂಕದ ಮೂರು ತುಂಡು.

ಪುಟ್ಟಿ ಒಂದನೇ ಪ್ರಶ್ನೆ ಬರೆದಿದ್ದಾಳೆ, 11 ಅಂಕ ಬಂದಿದೆ. ಅದು ಸರಿಯಾಗಲಿಲ್ಲ ಅನ್ನಿಸಿ ಅದೇ ಮಾಡ್ಯೂಲಿನ ಎರಡನೇ ಪ್ರಶ್ನೆಯನ್ನೂ ಬರೆದಿದ್ದಾಳೆ, 9 ಬಂದಿದೆ. ಆದರೆ ಎರಡರಲ್ಲಿ ಒಂದನ್ನೇ ಲೆಕ್ಕಕ್ಕೆ ತಗೊಳ್ಳೋದು. ಒಂಬತ್ತು ಅಂಕ, ಅದಕ್ಕೆ ಹಾಕಿದ ಮುಕ್ಕಾಲು ಗಂಟೆ, ಎರಡೂ ಹೋಯ್ತು. ಎರಡನೇ ಮಾಡ್ಯೂಲಲ್ಲಿ 6, ಮೂರರಲ್ಲಿ 7, ನಾಲ್ಕರಲ್ಲಿ 4. ಐದನೇ ಮಾಡ್ಯೂಲ್ ಖಾಲಿ.

"ಐದನೇದು ಯಾಕೆ ಬರೀಲಿಲ್ಲ?"

"ಟೈಮ್ ಆಗ್ಲಿಲ್ಲ ಚಿಕ್ಕಮ್ಮ. ಮೊದಲಿಂದ ಬರ್ಕೊಂಡು ಬಂದೆ."

ಐದನೇ ಮಾಡ್ಯೂಲ್ ಲೀನಿಯರ್ ಆಲ್ಜೀಬ್ರಾ. ಮ್ಯಾಟ್ರಿಕ್ಸ್ ರ‍್ಯಾಂಕ್ ಕಂಡುಹಿಡಿಯೋದು, ಗಾಸ್ ಎಲಿಮಿನೇಷನ್, ಗಾಸ್-ಸೈಡಲ್. ಇದರಲ್ಲಿ ದೊಡ್ಡ ಸೂತ್ರ ಇಲ್ಲ. ಕೂಡಿ ಕಳೆದು ಗುಣಿಸಿ ಭಾಗಿಸೋದು ಅಷ್ಟೇ. ಸಾಲು ತಪ್ಪದ ಹಾಗೆ ತಾಳ್ಮೆಯಿಂದ ಮಾಡಬೇಕು. ಅವಳ ಅಪ್ಪ ಅಂಗಡಿಯಲ್ಲಿ ದಿನಾ ಮಾಡೋ ಕೆಲಸದ ಜಾತಿಯದೇ. ಆ ಪತ್ರಿಕೆಯ ರ‍್ಯಾಂಕ್ ಲೆಕ್ಕ ಅವಳಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಮಾಡಿಕೊಟ್ಟಳು. ಸರಿ ಇತ್ತು. ಅದಕ್ಕೆ ಪತ್ರಿಕೆಯಲ್ಲಿದ್ದ ಅಂಕ ಏಳು.

ಪುಟ್ಟಿ ಆ ಹಾಳೆಯನ್ನೇ ನೋಡ್ತಾ ಕೂತಳು. ಎರಡು ವಾರದಿಂದ ತಾನು ದಡ್ಡಿ ಅಂದುಕೊಂಡು ಕೂತಿದ್ದಳು ಹುಡುಗಿ.

ಇನ್ನೊಂದು ವಿಷಯನೂ ಪೇಪರಿನಲ್ಲಿ ಕಾಣಿಸಿತು. ಉತ್ತರ ತಪ್ಪಾದರೂ ಹಂತಗಳು ಸರಿ ಇದ್ದ ಕಡೆ ಎರಡು, ಮೂರು ಅಂಕ ಕೊಟ್ಟಿದ್ದಾರೆ. ಎಷ್ಟೋ ಕಡೆ ಇವಳು ಮುಂದೆ ಹೊಳೆಯದೆ ಬರೆದದ್ದನ್ನೆಲ್ಲ ಹೊಡೆದು ಹಾಕಿದ್ದಾಳೆ. ಗೊತ್ತಿರೋ ಸೂತ್ರ ಬರೆದು, ಗೊತ್ತಿರೋವಷ್ಟು ಹಂತ ಮಾಡಿ ಬಿಟ್ಟಿದ್ದರೂ ಏನೋ ಬರ್ತಿತ್ತು. ಬರೆದದ್ದನ್ನು ಹೊಡೀಬೇಡ ಅನ್ನೋದು ಹೊಳಲ್ಕೆರೆ ಗೆಳತಿ ನನಗೆ ಬಸ್ಸಿನಲ್ಲಿ ಹೇಳಿಕೊಟ್ಟ ಮೊದಲ ಪಾಠ.

ಟ್ಯಾಂಜೆಂಟ್ ಅಂದ್ರೆ ಯಾವುದು?

ಆದರೆ ಪರೀಕ್ಷೆ ಬರೆಯೋ ಉಪಾಯ ಒಂದೇ ಸಾಲದು. ಮೊದಲ ಮಾಡ್ಯೂಲಲ್ಲಿ ಪುಟ್ಟಿ ಯಾಕೆ ತಡವರಿಸಿದಳು ಅಂತ ಕೇಳ್ತಾ ಹೋದೆ. ಅಲ್ಲಿ ಪೋಲಾರ್ ಕರ್ವ್ಸ್ ಬರುತ್ತೆ. ಅದರ ಮೊದಲ ಸೂತ್ರ: ಟ್ಯಾನ್ ಫೈ ಅಂದರೆ ಆರ್ ಇಂಟು ಡಿ ತೀಟಾ ಬೈ ಡಿ ಆರ್. ಫೈ ಅನ್ನೋದು ರೇಡಿಯಸ್ ವೆಕ್ಟರಿಗೂ ಟ್ಯಾಂಜೆಂಟಿಗೂ ನಡುವಿನ ಕೋನ.

"ಫೈ ಟ್ಯಾಂಜೆಂಟಿನ ಕೋನ ಅಂತಾರೆ, ಮತ್ತೆ ಅದಕ್ಕೇ ಟ್ಯಾನ್ ಹಾಕ್ತಾರೆ. ಟ್ಯಾಂಜೆಂಟಿಗೆ ಟ್ಯಾಂಜೆಂಟ್ ಹೆಂಗೆ ತಗೊಳ್ಳೋದು?" ಅಂದಳು.

ನಾನು ಸುಮ್ಮನಾಗಿಬಿಟ್ಟೆ. 2012ರಲ್ಲಿ ನನಗೆ ಬಂದಿದ್ದ ಪ್ರಶ್ನೆ ಅದೇ. ಕ್ಲಾಸಿನಲ್ಲಿ ಎದ್ದು ಕೇಳೋಕೆ ನಾಚಿಕೆಯಾಗಿ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಆ ಪ್ರಶ್ನೆಯನ್ನು ಜೋಡಿಸೋಕೇ ಬರ್ತಿರಲಿಲ್ಲ. ಪಾಠ ಮಾಡೋರು ಒಳ್ಳೆಯವರೇ, ಕೇಳಿದ್ದರೆ ಖಂಡಿತ ಹೇಳ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಓದಿದ್ದೆವು. ಅಲ್ಲಿ ವೃತ್ತವನ್ನು ಮುಟ್ಟಿ ಹೋಗುವ ಗೆರೆಗೆ ಸ್ಪರ್ಶಕ ಅಂತ ಹೆಸರು. ತ್ರಿಕೋನಮಿತಿಯಲ್ಲಿ ಬರೋದು ಟ್ಯಾನ್. ಎರಡಕ್ಕೂ ಎರಡು ಹೆಸರು, ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಟ್ಯಾಂಜೆಂಟ್. ಪಿಯುಸಿ ಎರಡು ವರ್ಷ ಬಾಯಿಪಾಠದಲ್ಲಿ ದಾಟಿದವರಿಗೆ ಈ ಗಂಟು ಬಿಚ್ಚಿರೋದೇ ಇಲ್ಲ. "ಅಲ್ಲಿ ಗೆರೆ ಅಂದ್ರೆ ಸ್ಪರ್ಶಕ. ಸ್ಪರ್ಶಕಕ್ಕೂ ತ್ರಿಜ್ಯದ ಗೆರೆಗೂ ನಡುವೆ ಒಂದು ಕೋನ. ಆ ಕೋನದ ಟ್ಯಾನ್ ಎಷ್ಟು ಅಂತ ಸೂತ್ರ ಹೇಳುತ್ತೆ" ಅಂದೆ. "ಓ, ಸ್ಪರ್ಶಕನಾ!" ಅಂದಳು. ಅಷ್ಟೇ ಬೇಕಾಗಿದ್ದದ್ದು.

ಕನ್ನಡದಲ್ಲಿ ಗಣಿತ ಹೇಳೋದು ಹೊಸದೇನಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದಿದ್ದ. ಇಂಜಿನಿಯರಿಂಗ್ ಪೂರ್ತಿ ಕನ್ನಡದಲ್ಲೇ ಆಗಲಿ ಅಂತ ನಾನು ಹೇಳ್ತಿಲ್ಲ, ನನ್ನ ಕೆಲಸ ನಡೆಯೋದು ಇಂಗ್ಲಿಷಿನಲ್ಲೇ. ಆದರೆ ಮೊದಲ ಸೆಮಿಸ್ಟರ್ ಗಣಿತದಲ್ಲಿ ಎಡವಿದ ಮಕ್ಕಳು ಎಷ್ಟೋ ಸಲ ಗಣಿತದಲ್ಲಿ ಎಡವಿರಲ್ಲ, ಪದದಲ್ಲಿ ಎಡವಿರ್ತಾರೆ. ಪರೀಕ್ಷೆಯ ಅಂಕ ಆ ವ್ಯತ್ಯಾಸ ತೋರಿಸಲ್ಲ. ಎರಡಕ್ಕೂ ಎಫ್ ಅಂತಲೇ ಬರುತ್ತೆ.

ಪಾಸಾದವರ ವಿಷಯ

ಇಲ್ಲಿ ನನ್ನ ಬಗ್ಗೆ ಇನ್ನೊಂದು ನಿಜ ಹೇಳಬೇಕು. ಎರಡನೇ ಸಲ 58 ತಗೊಂಡೆ ಅಂದೆನಲ್ಲ, ಆಗಲೂ ನನಗೆ ಪೂರ್ತಿ ಅರ್ಥ ಆಗಿರಲಿಲ್ಲ. ಹಳೇ ಪ್ರಶ್ನೆ ಪತ್ರಿಕೆ ತಿರುವಿ, ಮತ್ತೆ ಮತ್ತೆ ಬರೋ ಲೆಕ್ಕದ ಅಚ್ಚು ಬಾಯಿಪಾಠ ಮಾಡಿದ್ದೆ. ಐಗನ್ ವ್ಯಾಲ್ಯೂ ಕಂಡುಹಿಡಿಯೋದು ಗೊತ್ತಿತ್ತು, ಅದು ಏನಕ್ಕೆ ಅಂತ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿ ಮೂರು ವರ್ಷದ ಮೇಲೆ ನನ್ನನ್ನು ಡೇಟಾ ನೋಡೋ ಟೀಮಿಗೆ ಹಾಕಿದರು. ಅಲ್ಲಿ ಮೊದಲ ವಾರವೇ ಐಗನ್ ವೆಕ್ಟರ್ ಎದುರಾಯ್ತು. ರಾತ್ರಿ ಕೂತು ಯೂಟ್ಯೂಬಿನ ಪಾಠ ನೋಡಿ ಮೊದಲಿಂದ ಕಲಿತೆ. ಗೂಗಲ್ ಶುರುವಾದ ಕಾಲದಲ್ಲಿ ಯಾವ ಪುಟ ಮೇಲೆ ತೋರಿಸಬೇಕು ಅಂತ ತೀರ್ಮಾನಿಸೋಕೆ ಪೇಜ್‌ರ‍್ಯಾಂಕ್ ಅನ್ನೋ ವಿಧಾನ ಮಾಡಿದರು. ಅದರ ಹೊಟ್ಟೆಯಲ್ಲಿರೋದು ಒಂದು ದೊಡ್ಡ ಮ್ಯಾಟ್ರಿಕ್ಸು, ಅದರ ಐಗನ್ ವೆಕ್ಟರು. ಅದನ್ನು ಕಂಡುಹಿಡಿಯೋ ದಾರಿಯೂ, ಪುಟ್ಟಿಯ ಐದನೇ ಮಾಡ್ಯೂಲಿನ ಕೊನೆಯಲ್ಲಿ ಬರೋ ಪವರ್ ಮೆಥಡ್ಡೂ ಒಂದೇ.

ಹಾಗೇ ಅವಳು ಬರೀ 4 ಅಂಕ ತಗೊಂಡ ನಾಲ್ಕನೇ ಮಾಡ್ಯೂಲ್ ಮಾಡ್ಯುಲರ್ ಅರಿತ್‌ಮೆಟಿಕ್. ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ ಇಟ್ಟಿರೋ ಪಾಠ. ಭಾಗಿಸಿದಾಗ ಉಳಿಯೋ ಶೇಷದ ಲೆಕ್ಕ ಅದು. ಗಡಿಯಾರದಲ್ಲಿ ಹತ್ತು ಗಂಟೆಗೆ ಐದು ಸೇರಿಸಿದರೆ ಮೂರು ಆಗುತ್ತಲ್ಲ, ಹಾಗೆ. 1977ರಲ್ಲಿ ಬಂದ ಆರ್‌ಎಸ್‌ಎ ಅನ್ನೋ ಗುಪ್ತಲಿಪಿ ಇದರ ಮೇಲೇ ನಿಂತಿದೆ. ಇಂಟರ್‌ನೆಟ್ಟಿನಲ್ಲಿ ನಮ್ಮ ಗುಟ್ಟು ಗುಟ್ಟಾಗಿ ಉಳಿಯೋದರಲ್ಲಿ ಈ ಶೇಷದ ಲೆಕ್ಕಕ್ಕೆ ದೊಡ್ಡ ಪಾಲಿದೆ ಅಂತ ಹೇಳಿದ ಮೇಲೆ ಬಾವನೂ ಕುರ್ಚಿ ಎಳೆದುಕೊಂಡು ಬಂದು ಕೂತರು.

ಫೇಲಾದವರು ದಡ್ಡರಲ್ಲ, ನಿಜ. ಪಾಸಾದವರೆಲ್ಲ ಕಲಿತಿದ್ದಾರೆ ಅನ್ನೋದೂ ನಿಜವಲ್ಲ. ಆ ಅಂಕ ಒಂದು ದಿನದ ಮೂರು ಗಂಟೆಯ ಲೆಕ್ಕ. ಅದಕ್ಕೆ ಅಷ್ಟು ಬೆಲೆ ಕೊಡೋಣ, ಅದಕ್ಕಿಂತ ಹೆಚ್ಚು ಬೇಡ.

ಆಮೇಲೆ

ಪುಟ್ಟಿಯನ್ನು ಬಿ.ಕಾಂಗೆ ಹಾಕಲಿಲ್ಲ. ಬಿ.ಕಾಂ ಕೆಟ್ಟದ್ದು ಅಂತಲ್ಲ, ಅವಳಿಗೇ ಇಷ್ಟವಿದ್ದು ಹೋಗಿದ್ದರೆ ನಾನೇ ಸಂತೋಷ ಪಡ್ತಿದ್ದೆ. ಏಳು ಅಂಕಕ್ಕೆ ಹೆದರಿ ಹೋಗೋದು ಬೇಡ ಅಂತ ಅಷ್ಟೇ.

ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನ ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡ್ತಿದ್ದಳು. ಐದನೇ ಮಾಡ್ಯೂಲಿಂದ ಶುರು ಮಾಡಿ ಹಿಂದಕ್ಕೆ ಬಂದೆವು. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಅರ್ಥ ಬರೆದುಕೊಂಡಳು. ಕೆಲವಕ್ಕೆ ನನಗೂ ಕನ್ನಡ ಗೊತ್ತಿರಲಿಲ್ಲ, ಅಂಥ ಕಡೆ ಚಿತ್ರ ಬರೆದೆವು. ಎರಡನೇ ಸೆಮಿಸ್ಟರ್ ಪರೀಕ್ಷೆ ಜೊತೆ ಮತ್ತೆ ಬರೆದಳು. ನೂರಕ್ಕೆ 52, ಇಳಿಸಿದರೆ 26. ಹಳೇ 31 ಸೇರಿ 57, ಬಿ ಗ್ರೇಡ್. ಎಂ2ನಲ್ಲಿ ಮೊದಲನೇ ಸಲಕ್ಕೇ ಪಾಸಾದಳು.

ಓದುಗರಲ್ಲಿ ಇಂಜಿನಿಯರಿಂಗ್ ಓದೋ ಮಕ್ಕಳ ತಂದೆ ತಾಯಿ ಇದ್ದರೆ ಅವರಿಗೆ ಮೂರು ಮಾತು. ಅಂಕಪಟ್ಟಿಯಲ್ಲಿ ಒಟ್ಟು ಮಾತ್ರ ನೋಡಬೇಡಿ, ಸಿಐಇ, ಎಸ್‌ಇಇ ಬೇರೆ ಬೇರೆ ನೋಡಿ, ಎಲ್ಲಿ ನಿಂತಿದ್ದಾರೆ ಅಂತ ತಿಳಿಯುತ್ತೆ. ಸಿಐಇ ದಾಟಿದ್ದರೆ ಅದು ಹಾಗೇ ಉಳಿಯುತ್ತೆ, ಮತ್ತೆ ಬರೀಬೇಕಾದ್ದು ಆ ಒಂದು ಪತ್ರಿಕೆ ಮಾತ್ರ. ಒಂದು ಸಬ್ಜೆಕ್ಟ್ ಉಳಿದರೆ ಎರಡನೇ ವರ್ಷಕ್ಕೆ ಹೋಗೋದಕ್ಕೆ ಅಡ್ಡಿ ಇಲ್ಲ. ಕೊನೇ ಮಾತು, ಫೋಟೊಕಾಪಿಗೆ ಅರ್ಜಿ ಹಾಕೋಕೆ ಕೊಡೋ ದಿನ ಬಹಳ ಕಡಿಮೆ, ಅಳು ಮುಗಿಯೋವರೆಗೆ ಕಾಯಬೇಡಿ.

ಚಿಕ್ಕಮ್ಮ, ಮಾಮ, ಅಣ್ಣ, ಅಕ್ಕ ಆಗಿರೋ ನನ್ನಂಥವರಿಗೆ ಒಂದೇ ಮಾತು. ನಿಮ್ಮ ಹಳೇ ಫೈಲಿನಲ್ಲೂ ಇಂಥದ್ದೊಂದು ಅಂಕಪಟ್ಟಿ ಇದ್ದರೆ ತೆಗೆದು ತೋರಿಸಿ. ನಾನು ತೋರಿಸಿದ್ದು ಈಗ ಹಿರಿಯೂರಿನ ಮನೇಲಿ, ಪುಟ್ಟಿಯ ಟೇಬಲ್ ಮುಂದಿನ ಗೋಡೆ ಮೇಲಿದೆ. ವಾಪಸ್ ಕೊಡು ಅಂದರೆ "ಡಿಗ್ರಿ ಮುಗಿದ ಮೇಲೆ ಕೊಡ್ತೀನಿ ಚಿಕ್ಕಮ್ಮ" ಅಂತಾಳೆ.